ಗಣಿತ ಪ್ರತಿಭೆಯ ಶೋಧ ಮತ್ತು ಪೋಷಣೆ: ಸಿಂಧನೂರು, ಲಿಂಗಸುಗೂರು, ಮಸ್ಕಿ

ಗಣಿತದಲ್ಲಿ ಅಸಾಧಾರಣ ಶಕ್ತಿಯುಳ್ಳ ಮಕ್ಕಳನ್ನು ಎಳವೆಯಲ್ಲೇ ಗುರುತಿಸಿ, ಅವರಿಗೆ ತಕ್ಕ ಓದು, ಮಾರ್ಗದರ್ಶನ ಮತ್ತು ಧನಸಹಾಯ ಒದಗಿಸುವ ಕೆಲಸ ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮುಖ್ಯವಾಗಿ ಪ್ರವೇಶ ಪರೀಕ್ಷೆ ಹಾಗೂ ವಿದ್ಯಾರ್ಥಿವೇತನಗಳ ಮೂಲಕ ನಡೆದುಬಂದಿದೆ. ಗುರುತಿಸುವ ಏರ್ಪಾಡು ಬೆಳೆದಷ್ಟು ಪೋಷಿಸುವ ಏರ್ಪಾಡು ಇಲ್ಲಿ ಬೆಳೆದಿಲ್ಲ.

ಹಿನ್ನೆಲೆ

ರಾಯಚೂರು ಜಿಲ್ಲೆಯನ್ನು ಒಳಗೊಂಡ ಕಲ್ಯಾಣ ಕರ್ನಾಟಕಕ್ಕೆ ಗಣಿತದ ಹಳೆಯ ಪರಂಪರೆಯಿದೆ. 9ನೇ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯನಿಗೆ ಮಾನ್ಯಖೇಟದ, ಅಂದರೆ ಇಂದಿನ ಮಳಖೇಡದ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಆಶ್ರಯವಿತ್ತು. ಆಧುನಿಕ ಶಿಕ್ಷಣ ಮಾತ್ರ ಈ ಸೀಮೆಗೆ ತಡವಾಗಿ ಬಂತು. ಲಿಂಗಸುಗೂರು 1905ರವರೆಗೆ ನಿಜಾಮರ ಆಡಳಿತದಲ್ಲಿ ಜಿಲ್ಲಾ ಕೇಂದ್ರವಾಗಿದ್ದರೂ ಉನ್ನತ ಶಿಕ್ಷಣ ಉರ್ದುವಿನಲ್ಲಿದ್ದುದರಿಂದ ಕನ್ನಡ ಮನೆಮಾತಿನ ಮಕ್ಕಳಿಗೆ ಓದು ಮುಂದುವರಿಸುವುದು ಕಷ್ಟವಾಗಿತ್ತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆದರೂ 2002ರ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಸಿಂಧನೂರು ಮತ್ತು ಲಿಂಗಸುಗೂರನ್ನು ಸೇರಿಸಿತು. ಮಸ್ಕಿ ಪ್ರತ್ಯೇಕ ತಾಲ್ಲೂಕೆಂದು ಘೋಷಣೆಯಾದದ್ದು 2017ರಲ್ಲಿ.

ಪ್ರತಿಭಾನ್ವೇಷಣೆ ಮತ್ತು ವಿದ್ಯಾರ್ಥಿವೇತನ

ಎನ್‌ಸಿಇಆರ್‌ಟಿ 1963ರಲ್ಲಿ ಆರಂಭಿಸಿದ ವಿಜ್ಞಾನ ಪ್ರತಿಭಾನ್ವೇಷಣೆ ಮುಂದೆ ಎನ್‌ಟಿಎಸ್‌ಇ (ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ) ಎಂದು ಹೆಸರಾಯಿತು. 1970ರ ದಶಕದಲ್ಲಿ ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಉತ್ತರಿಸಲು ಅವಕಾಶ ದೊರೆತ ಮೇಲೆ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಬಾಗಿಲು ತೆರೆಯಿತು. 2021ರಲ್ಲಿ ಈ ಯೋಜನೆ ಸ್ಥಗಿತಗೊಂಡಿತು.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಡ ಮಕ್ಕಳಿಗೆ ಹೆಚ್ಚು ಹತ್ತಿರವಾದದ್ದು 2008ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಯೋಜನೆ ಎನ್‌ಎಂಎಂಎಸ್. ಎಂಟನೇ ತರಗತಿಯವರು ಬರೆಯುವ ಈ ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯಕ್ಕೇ ಒಂದು ಪೂರ್ತಿ ಪತ್ರಿಕೆಯಿದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಈ ಹಣ ಮಗು ಶಾಲೆ ಬಿಡದಂತೆ ತಡೆಯಬಲ್ಲದು. ಆ ಮಗುವಿಗೆ ಹೆಚ್ಚಿನ ಗಣಿತ ಕಲಿಸುವ ವ್ಯವಸ್ಥೆ ಈ ಯೋಜನೆಯ ಭಾಗವಲ್ಲ.

ವಸತಿ ಶಾಲೆಗಳು

1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ದೇಶದಾದ್ಯಂತ ಹರಡಿದ ಜವಾಹರ ನವೋದಯ ವಿದ್ಯಾಲಯಗಳಲ್ಲಿ ರಾಯಚೂರು ಜಿಲ್ಲೆಯದು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿದೆ. ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯದವು, 20 ಅಂಕಗಣಿತದವು. ಸ್ಥಾನಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ ಮೀಸಲು. ಒಂದು ವಿದ್ಯಾಲಯಕ್ಕೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು ಸೇರುವುದರಿಂದ ಹೊರಗುಳಿಯುವವರೇ ಹೆಚ್ಚು. 1990ರ ದಶಕದಿಂದ ರಾಜ್ಯ ಸರ್ಕಾರ ತೆರೆದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಅಂಥವರಿಗೆ ಮತ್ತೊಂದು ದಾರಿಯಾದವು.

ಒಲಿಂಪಿಯಾಡ್

ಗಣಿತವನ್ನೇ ಗುರಿಯಾಗಿಸಿಕೊಂಡ ಸ್ಪರ್ಧೆಗಳು ಹಂಗೇರಿಯಲ್ಲಿ 1894ರಷ್ಟು ಹಿಂದೆಯೇ ಮೊದಲಾದವು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರುಮೇನಿಯದಲ್ಲಿ ಆರಂಭವಾಯಿತು. ಭಾರತ 1989ರಿಂದ ಭಾಗವಹಿಸುತ್ತಿದೆ. ಬೆಂಗಳೂರಿನಲ್ಲಿ ಸಿ. ಆರ್. ಪ್ರಾಣೇಶಾಚಾರ್ ಮತ್ತು ಬಿ. ಜೆ. ವೆಂಕಟಾಚಲ ದಶಕಗಳ ಕಾಲ ಇದರ ತರಬೇತಿಗೆ ದುಡಿದರು. ಈಗ ಎಂಟರಿಂದ ಹನ್ನೆರಡನೇ ತರಗತಿಯವರಿಗಾಗಿ ನಡೆಯುವ ಅರ್ಹತಾ ಪರೀಕ್ಷೆ ಐಒಕ್ಯೂಎಂ ಇದರ ಮೊದಲ ಮೆಟ್ಟಿಲು. ಮುಂದಿನ ಹಂತಗಳಲ್ಲಿ ಬರೀ ಉತ್ತರ ಸಾಲದು, ಸಾಧಿಸಿ ತೋರಿಸಬೇಕು. ಶಾಲೆಯ ಪಠ್ಯದಲ್ಲಿ ಇಂಥ ಅಭ್ಯಾಸ ಕಡಿಮೆ. ರಾಜ್ಯದಲ್ಲಿ ಈ ತರಬೇತಿ ನಡೆದುಬಂದ ಬೆಂಗಳೂರೂ ಇಲ್ಲಿಂದ ಸುಮಾರು 400 ಕಿಲೋಮೀಟರ್ ದೂರ.

ಹಳ್ಳಿಯ ಮಟ್ಟದ ಯತ್ನಗಳು

2010ರ ದಶಕದಲ್ಲಿ ಅಕ್ಷರ ಫೌಂಡೇಶನ್ ಸರ್ಕಾರದೊಂದಿಗೆ ಕೈಜೋಡಿಸಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ಕಲ್ಯಾಣ ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಕಲಿಕಾ ಸಾಮಗ್ರಿಯ ಕಿಟ್ ತಂದಿತು. ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳಿಂದಾಗಿ ಮಕ್ಕಳ ಲೆಕ್ಕ ಊರಿನ ಹಿರಿಯರ ಕಣ್ಣೆದುರೇ ನಡೆಯುವಂತಾಯಿತು. ಎಲ್ಲರ ಕಲಿಕೆಯನ್ನು ಮೇಲೆತ್ತುವುದೇ ಇವುಗಳ ಗುರಿ. ಅದರೊಂದಿಗೆ ಚುರುಕಾದ ಮಗು ಶಿಕ್ಷಕರ ಗಮನಕ್ಕೂ ಬರುತ್ತದೆ.

ಗುರುತಿಸುವ ಸಮಸ್ಯೆ

ಅಂಕಗಳಷ್ಟೇ ಪ್ರತಿಭೆಯ ಗುರುತಲ್ಲ. 1+3=4, 1+3+5=9 ಎಂದು ಬರೆದುಕೊಂಡ ಮಗು, ಮೊತ್ತ ಪ್ರತಿ ಸಲವೂ ವರ್ಗಸಂಖ್ಯೆಯೇ ಆಗುವುದನ್ನು ಕಂಡು ‘ಯಾಕೆ ಹಿಂಗಾಗತೈತಿ?’ ಎಂದು ಕೇಳಿದರೆ, ಆ ಪ್ರಶ್ನೆಯೇ ಪ್ರತಿಭೆಯ ಸುಳಿವು. ಬಹು ಆಯ್ಕೆಯ ಪತ್ರಿಕೆಯಲ್ಲಿ ಅದಕ್ಕೆ ಜಾಗವಿಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಅನಿತಾ ಕುರುಪ್ ಅವರ ನೇತೃತ್ವದ ಪ್ರತಿಭಾವಂತ ಮಕ್ಕಳ ಶಿಕ್ಷಣ ಕಾರ್ಯಕ್ರಮ ಇಂಥ ಸುಳಿವುಗಳನ್ನು ಭಾರತದ ಸಂದರ್ಭದಲ್ಲಿ ಅಧ್ಯಯನ ಮಾಡಿದೆ.

ಈ ತಾಲ್ಲೂಕುಗಳಲ್ಲಿ ಇನ್ನೆರಡು ತೊಡಕುಗಳಿವೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಳೆ ಹೋದಾಗ ಮಕ್ಕಳಿಗೆ ಶಾಲೆಯೂ ಪರೀಕ್ಷೆಯೂ ತಪ್ಪುತ್ತವೆ. ಸಿಂಧನೂರು ಸುತ್ತ ವಲಸೆ ಬಂದವರು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು, ಬಂಗಾಳಿ ಮನೆಮಾತಿನವರಿದ್ದಾರೆ. ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ಪ್ರಶ್ನೆಯ ಭಾಷೆ ತಿಳಿಯದ ಮಗುವನ್ನು ಲೆಕ್ಕ ಬಾರದ ಮಗುವೆಂದು ಎಣಿಸುವ ಅಪಾಯ ಇಲ್ಲಿ ದೊಡ್ಡದು.

ಈ ಕೊರತೆಗಳನ್ನು ಒಂದು ದಿನದ ಪರೀಕ್ಷೆ ತುಂಬಲಾರದು. ಮಗುವನ್ನು ವರ್ಷವಿಡೀ ನೋಡುವವರು ತರಗತಿಯ ಶಿಕ್ಷಕರು. ಪಠ್ಯದಾಚೆಯ ಲೆಕ್ಕಗಳನ್ನು ಕನ್ನಡದಲ್ಲಿ ಅವರ ಕೈಗಿಡುವುದು, ಅದಕ್ಕೆ ಬೇಕಾದ ತರಬೇತಿ ಮತ್ತು ಬಿಡುವನ್ನು ಅವರಿಗೆ ಕೊಡುವುದು ಈ ತಾಲ್ಲೂಕುಗಳಲ್ಲಿ ಮೊದಲು ಆಗಬೇಕಾದ ಕೆಲಸ.