ಸೈಕಲ್ಲಿಗೆ ಮಿಡ್-ಡ್ರೈವ್ ವಿದ್ಯುತ್ ಮೋಟರು ಅಳವಡಿಕೆ: ಬಿಡಿಭಾಗಗಳ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಹಾರೂಗೇರಿಯಂತಹ ಪಟ್ಟಣಗಳಲ್ಲಿ ತೋಟದ ಮನೆಯಿಂದ ಪೇಟೆಗೆ, ಶಾಲೆಗೆ, ಹಾಲಿನ ಡೇರಿಗೆ ಹೋಗಿಬರಲು ಸೈಕಲ್ಲು ಇಂದಿಗೂ ಬಳಕೆಯಲ್ಲಿದೆ. ಹೊಸ ವಾಹನವನ್ನು ಖರೀದಿಸುವ ಬದಲು ಮನೆಯಲ್ಲಿರುವ ಸೈಕಲ್ಲಿಗೇ ವಿದ್ಯುತ್ ಮೋಟರನ್ನು ಜೋಡಿಸಿಕೊಳ್ಳಲು ಬಯಸುವವರು ಮೊದಲು ಕೇಳುವ ಪ್ರಶ್ನೆ, ಇದಕ್ಕೆ ನೋಂದಣಿ ಬೇಕೇ ಎಂಬುದಾಗಿದೆ. ಈ ಪ್ರಶ್ನೆಗೆ ಉತ್ತರವು ಸದರಿಯವರು ಆಯ್ಕೆ ಮಾಡುವ ಬಿಡಿಭಾಗಗಳಲ್ಲಿಯೇ ಅಡಗಿದೆ. ಹಣ ಪಾವತಿಸಿದ ನಂತರ ವಿಚಾರಿಸುವುದಕ್ಕಿಂತ ಮುಂಚಿತವಾಗಿ ತಿಳಿದುಕೊಳ್ಳುವುದು ಸೂಕ್ತವಾದ್ದರಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ. ಇಲ್ಲಿ ಉಲ್ಲೇಖಿಸಿರುವ ತಯಾರಿಕೆಗಳ ಹೆಸರುಗಳು ಉದಾಹರಣೆಗೆ ಮಾತ್ರ. ಯಾವುದೇ ತಯಾರಕರ ಪರವಾದ ಶಿಫಾರಸು ಅಲ್ಲ.

ನಿಯಮದ ಮಿತಿ

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 2(ಯು) ಅನ್ವಯ, ಪೆಡಲ್ ನೆರವಿನ ಸೈಕಲ್ಲನ್ನು ಮೋಟಾರು ವಾಹನವೆಂದು ಪರಿಗಣಿಸದಿರಲು ಕೆಲವು ಷರತ್ತುಗಳಿವೆ. ಮೋಟರಿನ ಮೂವತ್ತು ನಿಮಿಷಗಳ ಶಕ್ತಿಯು 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರತಕ್ಕದ್ದು. ವೇಗವು ಹೆಚ್ಚಿದಂತೆ ಮೋಟರಿನ ನೆರವು ಕ್ರಮೇಣ ಕಡಿಮೆಯಾಗಿ, ಗಂಟೆಗೆ 25 ಕಿ.ಮೀ. ತಲುಪಿದಾಗ ಅಥವಾ ಸವಾರನು ಪೆಡಲ್ ತುಳಿಯುವುದನ್ನು ನಿಲ್ಲಿಸಿದಾಗ ಸಂಪೂರ್ಣವಾಗಿ ನಿಲ್ಲತಕ್ಕದ್ದು. ಸೂಕ್ತ ಬ್ರೇಕುಗಳು, ಮುಂಭಾಗದಲ್ಲಿ ಒಂದು ಬಿಳಿ ಹಾಗೂ ಹಿಂಭಾಗದಲ್ಲಿ ಒಂದು ಕೆಂಪು ಪ್ರತಿಫಲಕ ಇರತಕ್ಕದ್ದು. ಬ್ಯಾಟರಿಯ ತೂಕವನ್ನು ಹೊರತುಪಡಿಸಿ ಖಾಲಿ ತೂಕವು 60 ಕಿಲೋಗ್ರಾಂ ಮೀರತಕ್ಕದ್ದಲ್ಲ. ಸೈಕಲ್ಲುಗಳ ಮಟ್ಟಿಗೆ ತೂಕದ ಷರತ್ತು ಅಡ್ಡಿಯಾಗುವುದು ವಿರಳ. ಶಕ್ತಿ ಮತ್ತು ವೇಗದ ಷರತ್ತುಗಳಲ್ಲಿಯೇ ತಪ್ಪು ನಡೆಯುತ್ತದೆ.

ಇನ್ನೊಂದು ಅಂಶವನ್ನು ಅನೇಕರು ಗಮನಿಸುವುದಿಲ್ಲ. ಮೇಲ್ಕಂಡ ಷರತ್ತುಗಳು ಪಾಲನೆಯಾಗಿವೆ ಎಂಬುದನ್ನು ನಿಯಮ 126ರಲ್ಲಿ ಹೆಸರಿಸಲಾದ ಪರೀಕ್ಷಾ ಸಂಸ್ಥೆಯು ಪರಿಶೀಲಿಸಿ ಅಧಿಕೃತಗೊಳಿಸಿರಬೇಕು. ಅಂತಹ ಸಂಸ್ಥೆಗಳಲ್ಲಿ ಬೆಳಗಾವಿ ಜಿಲ್ಲೆಗೆ ಸಮೀಪವಿರುವುದು ಪುಣೆಯ ಭಾರತೀಯ ಆಟೋಮೋಟಿವ್ ಸಂಶೋಧನಾ ಸಂಘ (ಎ.ಆರ್.ಎ.ಐ.). ಆದಕಾರಣ ಮಾರಾಟಗಾರರಿಂದ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು. ಅದರಲ್ಲಿನ ಮಾದರಿ ಸಂಖ್ಯೆಯು ಮೋಟರಿನ ಮೇಲಿನ ಸಂಖ್ಯೆಗೆ ತಾಳೆಯಾಗುವುದೇ ಎಂದು ನೋಡಬೇಕು. ನಿಯಮದ ಭಾಷೆಯಲ್ಲಿ ಪರಿಶೀಲನೆಗೆ ಒಳಪಡುವುದು ವಾಹನವೇ ಹೊರತು ಬಿಡಿ ಮೋಟರು ಅಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಮೋಟರಿನ ಮೇಲೆ "250 ವ್ಯಾಟ್" ಎಂದು ಅಂಟಿಸಿದ ಚೀಟಿ ಸಾಲದು. ನಿಯಮವು ಹೇಳುವುದು 0.25 ಕಿಲೋವ್ಯಾಟ್ "ಗಿಂತ ಕಡಿಮೆ" ಎಂದು. ಆದ್ದರಿಂದ ನೋಡಬೇಕಾದದ್ದು ಪರೀಕ್ಷಾ ವರದಿಯಲ್ಲಿನ ಅಂಕಿ.

ಮಿಡ್-ಡ್ರೈವ್ ಎಲ್ಲರಿಗೂ ಬೇಕೇ?

ಮೋಟರನ್ನು ಚಕ್ರದ ನಡುವೆ ಅಳವಡಿಸಿದರೆ ಹಬ್ ಮೋಟರು. ಪೆಡಲುಗಳ ನಡುವಿನ ಅಚ್ಚಿನ ಜಾಗದಲ್ಲಿ ಅಳವಡಿಸಿದರೆ ಮಿಡ್-ಡ್ರೈವ್. ಎರಡನೆಯದು ಸೈಕಲ್ಲಿನ ಚೈನಿನ ಮೂಲಕವೇ ಹಿಂದಿನ ಚಕ್ರವನ್ನು ತಿರುಗಿಸುವುದರಿಂದ ಸೈಕಲ್ಲಿನ ಗೇರುಗಳ ಪ್ರಯೋಜನವು ಮೋಟರಿಗೂ ದೊರೆಯುತ್ತದೆ. ಏರಿನಲ್ಲಿ, ಹಾಲಿನ ಕ್ಯಾನು ಅಥವಾ ಮೇವಿನ ಹೊರೆ ಇದ್ದಾಗ ಸಣ್ಣ ಮೋಟರೇ ಸಾಕಾಗುತ್ತದೆ. ಆದರೆ ಒಂದೇ ವೇಗದ ಸೈಕಲ್ಲಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಈ ಪ್ರಯೋಜನವು ಬಹುಮಟ್ಟಿಗೆ ಇಲ್ಲವಾಗುತ್ತದೆ. ಹಾರೂಗೇರಿ ಸುತ್ತಲಿನ ಎರೆಮಣ್ಣಿನ ಬಯಲಿನಲ್ಲಿ ಹೊರೆಯಿಲ್ಲದೆ ಓಡಾಡುವವರಿಗೆ ಮಿಡ್-ಡ್ರೈವ್‌ಗೆ ತೆರುವ ಹೆಚ್ಚುವರಿ ಹಣ ಹಿಂದಿರುಗುವುದು ಕಷ್ಟ. ಹಿಂದಿನ ಚಕ್ರದಲ್ಲಿ ಆರೇಳು ಗೇರುಗಳಿರುವ ಸೈಕಲ್ಲು ಉಳ್ಳವರು ಮಾತ್ರ ಇದನ್ನು ಗಂಭೀರವಾಗಿ ಪರಿಗಣಿಸುವುದು ಉಚಿತ.

ಪಂಚರಿನ ವಿಷಯದಲ್ಲಿ ಮಿಡ್-ಡ್ರೈವ್ ಅನುಕೂಲಕರ. ಚಕ್ರಗಳು ಮೊದಲಿನಂತೆಯೇ ಉಳಿಯುವುದರಿಂದ ಜಾಲಿಮುಳ್ಳು ಚುಚ್ಚಿದಾಗ ಊರಿನ ಯಾವುದೇ ಸೈಕಲ್ ಅಂಗಡಿಯಲ್ಲಿ ಚಕ್ರ ಬಿಚ್ಚಿಸಬಹುದು. ಹಬ್ ಮೋಟರಿನ ವೈರು ಬಿಚ್ಚಲು ಎಲ್ಲರೂ ಒಪ್ಪುವುದಿಲ್ಲ. ಇದಕ್ಕೆ ಪ್ರತಿಯಾಗಿ, ಚೈನು ತುಂಡಾದರೆ ಮಿಡ್-ಡ್ರೈವ್ ಸೈಕಲ್ಲಿನಲ್ಲಿ ಪೆಡಲೂ ಇಲ್ಲ, ಮೋಟರೂ ಇಲ್ಲ, ತಳ್ಳಿಕೊಂಡೇ ಬರಬೇಕು.

ಮೊದಲು ಫ್ರೇಮಿನ ಅಳತೆ

ಮೋಟರನ್ನು ಆರಿಸುವ ಮುನ್ನ ಪೆಡಲ್ ಅಚ್ಚು ಕೂರುವ ಅಡ್ಡ ಕೊಳವೆಯನ್ನು, ಅಂದರೆ ಬಿ.ಬಿ. ಶೆಲ್ ಅನ್ನು, ಅಳೆಯತಕ್ಕದ್ದು. ಮಾರುಕಟ್ಟೆಯಲ್ಲಿನ ಬಹುತೇಕ ಕಿಟ್‌ಗಳು 68 ರಿಂದ 73 ಮಿ.ಮೀ. ಅಗಲದ, ಸುಮಾರು 34 ಮಿ.ಮೀ. ಒಳವ್ಯಾಸದ ಶೆಲ್‌ಗೆಂದು ತಯಾರಾಗಿವೆ. ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಕಾಟರ್ ಪಿನ್ನು, ಅಚ್ಚು, ಕಪ್ಪುಗಳನ್ನು ಪೂರ್ತಿಯಾಗಿ ತೆಗೆದ ನಂತರವೇ ಸರಿಯಾದ ಅಳತೆ ಸಿಗುತ್ತದೆ. ಒಳಗೆ ತುಕ್ಕು ಹಿಡಿದಿದ್ದರೆ ಅದೂ ಆಗಲೇ ಕಾಣುತ್ತದೆ. ಶೆಲ್‌ನ ಬೆಸುಗೆಯಲ್ಲಿ ಬಿರುಕಿರುವ ಫ್ರೇಮಿಗೆ ಮೋಟರನ್ನು ಅಳವಡಿಸಬಾರದು. ಕೆಳಭಾಗದಲ್ಲಿ ಗೇರ್ ಕೇಬಲ್ ಹಾದುಹೋಗುವ ಸೈಕಲ್ಲಿನಲ್ಲಿ ಮೋಟರಿನ ಮೈ ಕೇಬಲ್ಲಿಗೆ ತಗಲುವುದೇ ಎಂಬುದನ್ನು ಮೆಕ್ಯಾನಿಕ್‌ರಿಂದ ಖಚಿತಪಡಿಸಿಕೊಳ್ಳಬೇಕು.

ಮೋಟರು ಮತ್ತು ಕಂಟ್ರೋಲರ್

ಉದಾಹರಣೆಗೆ, ಬಫಾಂಗ್ ಕಂಪನಿಯ ಬಿಬಿಎಸ್01 ಮಾದರಿಯು 250 ಮತ್ತು 350 ವ್ಯಾಟ್‌ಗಳಲ್ಲಿ, ಬಿಬಿಎಸ್02 ಮಾದರಿಯು 500 ಮತ್ತು 750 ವ್ಯಾಟ್‌ಗಳಲ್ಲಿ ದೊರೆಯುತ್ತದೆ. ಹೊರನೋಟಕ್ಕೆ ಇವೆರಡೂ ಒಂದೇ ರೀತಿ ಕಾಣುತ್ತವೆ. ಬಿಬಿಎಸ್‌ಎಚ್‌ಡಿ ಎಂಬ 1000 ವ್ಯಾಟ್‌ನ ಮಾದರಿಯೂ ಇದೆ. 250 ವ್ಯಾಟ್ ಮೀರಿದ ಇವುಗಳಲ್ಲಿ ಯಾವುದನ್ನು ಜೋಡಿಸಿದರೂ ಆ ಸೈಕಲ್ಲು ಮೇಲ್ಕಂಡ ವಿನಾಯಿತಿಯಿಂದ ಹೊರಗುಳಿಯುತ್ತದೆ.

ಪೆಡಲ್ ತುಳಿತವನ್ನು ಗುರುತಿಸುವ ಸಂವೇದಕಗಳು ಎರಡು ವಿಧ. ಪೆಡಲ್ ತಿರುಗುತ್ತಿದೆಯೇ ಎಂಬುದನ್ನಷ್ಟೇ ಗಮನಿಸುವುದು ಒಂದು; ಕಾಲಿನ ಒತ್ತಡವೆಷ್ಟು ಎಂಬುದನ್ನು ಅಳೆಯುವ ಟಾರ್ಕ್ ಸಂವೇದಕ ಇನ್ನೊಂದು. ಬಿಬಿಎಸ್ ಮಾದರಿಗಳಲ್ಲಿ ಮೊದಲನೆಯದು, ಟೋಂಗ್‌ಶೆಂಗ್ ಟಿಎಸ್‌ಡಿಝಡ್2 ಮಾದರಿಯಲ್ಲಿ ಎರಡನೆಯದು ಇರುತ್ತದೆ. ಒತ್ತಡವನ್ನು ಅಳೆಯುವ ಮೋಟರಿನಲ್ಲಿ ಸೈಕಲ್ಲು ಒಮ್ಮೆಲೇ ಮುಂದಕ್ಕೆ ನುಗ್ಗುವುದಿಲ್ಲವಾದ್ದರಿಂದ ವಯಸ್ಸಾದವರಿಗೆ ಹಾಗೂ ಸಂತೆಯ ಜನಸಂದಣಿಯಲ್ಲಿ ಓಡಿಸುವವರಿಗೆ ಅದು ಮೇಲು.

ಕಿಟ್‌ನೊಂದಿಗೆ ಬರುವ ಹೆಬ್ಬೆರಳಿನ ಥ್ರೋಟಲ್ ಕುರಿತು ಮಾರಾಟಗಾರರು ಹೆಚ್ಚಾಗಿ ಏನನ್ನೂ ಹೇಳುವುದಿಲ್ಲ. ಪೆಡಲ್ ನಿಲ್ಲಿಸಿದ ಮೇಲೂ ಮೋಟರನ್ನು ಓಡಿಸುವ ಥ್ರೋಟಲ್, ಪೆಡಲ್ ನೆರವಿನ ಸೈಕಲ್ಲಿನ ವಿವರಣೆಗೆ ಹೊಂದುವುದಿಲ್ಲ. ಅದನ್ನು ಜೋಡಿಸದಿರುವುದೇ ಕ್ಷೇಮ.

ವೇಗದ ಮಿತಿಯನ್ನು ಡಿಸ್‌ಪ್ಲೇ ಮೂಲಕ ನಿಗದಿಪಡಿಸುವಾಗ ಚಕ್ರದ ಅಳತೆಯನ್ನೂ ನಮೂದಿಸಬೇಕಾಗುತ್ತದೆ. 28 ಇಂಚಿನ ಚಕ್ರವಿರುವ ಸೈಕಲ್ಲಿನಲ್ಲಿ 20 ಇಂಚು ಎಂದು ನಮೂದಿಸಿದರೆ, ಡಿಸ್‌ಪ್ಲೇ 25 ಕಿ.ಮೀ. ತೋರಿಸುವಾಗ ಸೈಕಲ್ಲು ವಾಸ್ತವವಾಗಿ 35 ಕಿ.ಮೀ. ವೇಗದಲ್ಲಿರುತ್ತದೆ. "ಲಾಕ್ ತೆಗೆದುಕೊಡುತ್ತೇವೆ" ಎಂದು ಹೇಳಿ ಹೀಗೆ ಮಾಡಿಕೊಟ್ಟರೂ ಹೊಣೆಯು ಸೈಕಲ್ಲಿನ ಮಾಲೀಕರದ್ದೇ ಆಗಿರುತ್ತದೆ.

ಬ್ಯಾಟರಿ ಮತ್ತು ಚಾರ್ಜರ್

36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 360 ವ್ಯಾಟ್-ಅವರ್ ಶಕ್ತಿಯಿರುತ್ತದೆ. ಅದರಲ್ಲಿ ಶೇ. 80ರಷ್ಟನ್ನು ಬಳಸುವುದೆಂದು ಲೆಕ್ಕ ಹಾಕಿದರೆ 288. ಪೆಡಲ್ ತುಳಿಯುತ್ತ ಹೋಗುವಾಗ ಪ್ರತಿ ಕಿ.ಮೀ.ಗೆ 10 ರಿಂದ 12 ವ್ಯಾಟ್-ಅವರ್ ಖರ್ಚಾಗುವುದೆಂದು ಹಿಡಿದರೆ 24 ರಿಂದ 28 ಕಿ.ಮೀ. ಕ್ರಮಿಸಬಹುದು. ಚಾರ್ಜರಿನ ನಷ್ಟವನ್ನು ಸೇರಿಸಿದರೂ ಒಂದು ಬಾರಿ ಪೂರ್ತಿ ಚಾರ್ಜ್ ಮಾಡಲು ತಗಲುವ ವಿದ್ಯುತ್ತು ಅರ್ಧ ಯೂನಿಟ್‌ಗಿಂತ ಕಡಿಮೆ. ನಿಜವಾದ ಖರ್ಚು ವಿದ್ಯುತ್ತಿನದ್ದಲ್ಲ, ಬ್ಯಾಟರಿಯ ಸವಕಳಿಯದ್ದು. ಬೆಲೆಯನ್ನು ಅದು ಬಾಳುವ ವರ್ಷಗಳಿಗೆ ಭಾಗಿಸಿ ನೋಡಿದ ನಂತರವೇ ಅಗ್ಗವೋ ದುಬಾರಿಯೋ ಎಂಬುದು ತಿಳಿಯುತ್ತದೆ.

ಅತ್ಯಂತ ಎಚ್ಚರಿಕೆ ವಹಿಸಬೇಕಾದದ್ದು ಚಾರ್ಜರಿನ ವಿಷಯದಲ್ಲಿ. 36 ವೋಲ್ಟ್‌ನ ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಹತ್ತು ಸೆಲ್‌ಗಳು ಸರಣಿಯಲ್ಲಿದ್ದು ಪೂರ್ಣ ಚಾರ್ಜ್ 42 ವೋಲ್ಟ್ ಆಗಿರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಹನ್ನೆರಡು ಸೆಲ್‌ಗಳಿದ್ದು ಪೂರ್ಣ ಚಾರ್ಜ್ 43.8 ವೋಲ್ಟ್ ಆಗಿರುತ್ತದೆ. ಎರಡರ ಚಾರ್ಜರುಗಳ ಪಿನ್ನು ಒಂದೇ ರೀತಿ ಇರುವ ಸಂಭವವುಂಟು. ಎರಡನೆಯದರ ಚಾರ್ಜರನ್ನು ಮೊದಲನೆಯದಕ್ಕೆ ಚುಚ್ಚಿದರೆ ಪ್ರತಿ ಸೆಲ್‌ಗೆ 4.2 ವೋಲ್ಟ್ ಬದಲು 4.38 ವೋಲ್ಟ್ ಹೋಗಿ ಬೆಂಕಿಯ ಅಪಾಯ ಉಂಟಾಗುತ್ತದೆ. ಬ್ಯಾಟರಿಯೊಳಗಿನ ಬಿ.ಎಂ.ಎಸ್. ರಕ್ಷಣಾ ಸರ್ಕ್ಯೂಟ್ ತಡೆಯಬಹುದಾದರೂ ಅದನ್ನೇ ನೆಚ್ಚಬಾರದು. ಆದ್ದರಿಂದ ಬ್ಯಾಟರಿ ಮತ್ತು ಚಾರ್ಜರನ್ನು ಒಂದೇ ಬಿಲ್ಲಿನಲ್ಲಿ, ಎರಡರ ವೋಲ್ಟೇಜ್ ನಮೂದಿಸಿ ಪಡೆಯುವುದು. ನೆರೆಮನೆಯವರ ಚಾರ್ಜರನ್ನು ಎರವಲು ತರಬಾರದು.

ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಸೈಕಲ್ಲಿನ ಬ್ಯಾಟರಿಯು ತಣಿಯುವವರೆಗೆ ಚಾರ್ಜ್ ಮಾಡಕೂಡದು. ಉಷ್ಣವನ್ನು ತಾಳುವಲ್ಲಿ ಐರನ್ ಫಾಸ್ಫೇಟ್ ಬ್ಯಾಟರಿ ಉತ್ತಮ, ತೂಕ ಸ್ವಲ್ಪ ಹೆಚ್ಚು. ಕಂಟ್ರೋಲರ್ 15 ಆಂಪಿಯರ್ ಎಳೆಯುವುದಾದರೆ ಬಿ.ಎಂ.ಎಸ್. 20 ಆಂಪಿಯರ್‌ನದ್ದಿರಲಿ. ರಾತ್ರಿ ಮಲಗುವ ಕೋಣೆಯಲ್ಲಿ, ಹೊರಬಾಗಿಲ ದಾರಿಯಲ್ಲಿ, ಮೇವಿನ ಬಣವೆಯ ಸಮೀಪ ಚಾರ್ಜಿಗೆ ಇಡಬಾರದು. ಹಾಳಾದ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಸೇರಿಸದೆ, ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರಂತೆ ಪ್ರತ್ಯೇಕವಾಗಿ ಸಂಗ್ರಹಣೆಗೆ ಒಪ್ಪಿಸತಕ್ಕದ್ದು.

ಚೈನು, ಬ್ರೇಕು, ಪ್ರತಿಫಲಕ

ಮೋಟರಿನ ಬಲವೂ ಚೈನಿನ ಮೇಲೆಯೇ ಬೀಳುವುದರಿಂದ ಚೈನು ಬೇಗ ಸವೆಯುತ್ತದೆ. 24 ಕೊಂಡಿಗಳ ಉದ್ದವು ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು. ಅದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಾದಾಗ ಬದಲಿಸಿದರೆ ಹಲ್ಲಿನ ಚಕ್ರಗಳು ಉಳಿಯುತ್ತವೆ.

ಕಡ್ಡಿ ಬ್ರೇಕಿನ ಸೈಕಲ್ಲುಗಳಲ್ಲಿ ಎರಡು ತೊಂದರೆಗಳಿವೆ. ಉಕ್ಕಿನ ರಿಮ್ ಮಳೆಯಲ್ಲಿ ನೆನೆದಾಗ ಬ್ರೇಕು ಹಿಡಿಯುವುದು ನಿಧಾನ. ಬ್ರೇಕು ಹಿಡಿದೊಡನೆ ಮೋಟರನ್ನು ನಿಲ್ಲಿಸುವ ಕಟ್-ಆಫ್ ಸ್ವಿಚ್ಚನ್ನು ಆ ಹಿಡಿಕೆಗೆ ಜೋಡಿಸಲು ಬರುವುದಿಲ್ಲ. ಕಿಟ್‌ಗೆ ಹಣ ಹೊಂದಿಸುವವರು ಅಲ್ಯೂಮಿನಿಯಂ ರಿಮ್, ಕೇಬಲ್ ಬ್ರೇಕು ಹಾಗೂ ಕಟ್-ಆಫ್ ಇರುವ ಹಿಡಿಕೆಗಳಿಗೂ ಹಣವನ್ನು ತೆಗೆದಿರಿಸಬೇಕು. ಕಬ್ಬು ಅರೆಯುವ ಹಂಗಾಮಿನಲ್ಲಿ ಜೋಡಿ ಟ್ರೇಲರ್‌ಗಳ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡಾಡುವ ರಸ್ತೆಗಳಲ್ಲಿ ಹಿಂದಿನ ಕೆಂಪು ಪ್ರತಿಫಲಕವು ಕೇವಲ ನಿಯಮಪಾಲನೆಯ ವಸ್ತುವಲ್ಲ. ಮಣ್ಣು ಮೆತ್ತಿದ್ದರೆ ಒರೆಸಿಕೊಂಡೇ ಹೊರಡುವುದು.

ಮಿತಿ ಮೀರಿದಲ್ಲಿ

ಷರತ್ತುಗಳನ್ನು ಪೂರೈಸದ ಸೈಕಲ್ಲು ಕಾನೂನಿನ ದೃಷ್ಟಿಯಲ್ಲಿ ನೋಂದಣಿಯಾಗದ ಮೋಟಾರು ವಾಹನವಾಗುತ್ತದೆ. ಆಗ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 192 (ನೋಂದಣಿ), 181 (ಚಾಲನಾ ಪರವಾನಗಿ) ಮತ್ತು 196 (ವಿಮೆ) ಅನ್ವಯಿಸುತ್ತವೆ. ದಂಡಕ್ಕಿಂತ ದೊಡ್ಡ ವಿಷಯವೆಂದರೆ ಅಪಘಾತದಲ್ಲಿ ಇನ್ನೊಬ್ಬರಿಗೆ ಪೆಟ್ಟಾದರೆ, ವಿಮೆ ಇಲ್ಲದ ಕಾರಣ ಪರಿಹಾರದ ಸಂಪೂರ್ಣ ಮೊತ್ತವನ್ನು ಮಾಲೀಕರೇ ಭರಿಸಬೇಕಾಗಬಹುದು. ಇಂತಹ ಸೈಕಲ್ಲನ್ನು ಶಾಲೆಗೆ ಹೋಗುವ ಮಕ್ಕಳಿಗೆ ಕೊಡುವ ಪಾಲಕರು, 2019ರ ತಿದ್ದುಪಡಿಯಲ್ಲಿ ಸೇರಿಸಲಾದ ಕಲಂ 199ಎ ಅನ್ನು ಅವಶ್ಯವಾಗಿ ಓದಬೇಕು. ಅಪ್ರಾಪ್ತ ವಯಸ್ಕರು ಮೋಟಾರು ವಾಹನವನ್ನು ಓಡಿಸಿ ಅಪರಾಧವೆಸಗಿದಲ್ಲಿ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷಗಳವರೆಗೆ ಕಾರಾವಾಸ ಮತ್ತು ರೂ. 25,000 ದಂಡಕ್ಕೆ ಅದರಲ್ಲಿ ಅವಕಾಶವಿದೆ.

ಪೆಟ್ರೋಲ್ ಮೋಟರ್ ಸೈಕಲ್ಲನ್ನು ವಿದ್ಯುತ್ತಿಗೆ ಪರಿವರ್ತಿಸುವುದು ಬೇರೆಯೇ ವಿಷಯ. ಅದಕ್ಕೆ ಕಲಂ 52ರ ನಿಬಂಧನೆಗಳು ಅನ್ವಯಿಸುತ್ತವೆ. ಅನುಮೋದಿತ ಕಿಟ್ ಹಾಗೂ ನೋಂದಣಿ ಪ್ರಮಾಣಪತ್ರದಲ್ಲಿ ನಮೂದು ಅಗತ್ಯ.

ಬಿಲ್ಲು, ವಿಚಾರಣೆ ಮತ್ತು ದೂರು

ಮೋಟರಿನ ಮಾದರಿ ಮತ್ತು ಕ್ರಮ ಸಂಖ್ಯೆ, ವ್ಯಾಟ್, ಬ್ಯಾಟರಿಯ ವಿಧ, ವಾರಂಟಿ ಅವಧಿ, ಇವೆಲ್ಲವನ್ನೂ ಜಿ.ಎಸ್.ಟಿ. ಬಿಲ್ಲಿನಲ್ಲಿ ಬರೆಸಿಕೊಳ್ಳುವುದು. ಪೂರ್ಣ ವಿದ್ಯುತ್ ವಾಹನಕ್ಕೆ ತೆರಿಗೆ ಶೇ. 5, ಬಿಡಿಯಾಗಿ ಕೊಳ್ಳುವ ಲಿಥಿಯಂ ಬ್ಯಾಟರಿಗೆ ಶೇ. 18 ಇರುವುದರಿಂದ, ಸಿದ್ಧ ವಿದ್ಯುತ್ ಸೈಕಲ್ಲಿನ ಬೆಲೆಯೊಂದಿಗೆ ಹೋಲಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಬೇಕು. ಬಿಲ್ಲಿಲ್ಲದೆ ಕೊಂಡವರ ದೂರಿಗೆ ಆಧಾರವೇ ಇರುವುದಿಲ್ಲ.

ಸಂದೇಹವಿದ್ದವರು ಕಿಟ್‌ನ ವಿವರಪಟ್ಟಿ ಹಾಗೂ ಪರೀಕ್ಷಾ ಪ್ರಮಾಣಪತ್ರದ ಪ್ರತಿಯೊಂದಿಗೆ ತಮ್ಮ ವಾಸಸ್ಥಳದ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಛೇರಿಗೆ ಲಿಖಿತವಾಗಿ ವಿಚಾರಿಸಬಹುದು. ತಪ್ಪು ಮಾಹಿತಿ ನೀಡಿ ಮಾರಾಟ ಮಾಡಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಮಾರಾಟಗಾರರು ಬೇರೆ ರಾಜ್ಯದಲ್ಲಿದ್ದರೂ ಅಡ್ಡಿಯಿಲ್ಲ. ರೂ. 5 ಲಕ್ಷದವರೆಗಿನ ಖರೀದಿಗೆ ಸಂಬಂಧಿಸಿದ ದೂರಿಗೆ ಶುಲ್ಕವಿರುವುದಿಲ್ಲ. ದೂರನ್ನು ವ್ಯಾಜ್ಯಕಾರಣ ಉದ್ಭವಿಸಿದ ದಿನಾಂಕದಿಂದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು.