ಪ್ರತಿದೀಪ್ತಿಯ ಜೀವಾವಧಿ: ದೀಪದ ಅಳತೆ, ಲೇಸರಿನ ಅಳತೆ

ಬೆಳಕನ್ನು ಹೀರಿ ಉದ್ರಿಕ್ತವಾದ ಅಣುವು ಆ ಸ್ಥಿತಿಯಲ್ಲಿ ಎಷ್ಟು ಕಾಲ ನಿಲ್ಲುವುದೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ಲೇಸರಿನ ಆಗಮನದ ತರುವಾಯವೇ ಎಂದು ತರಗತಿಗಳಲ್ಲಿ ಹೇಳುವ ವಾಡಿಕೆಯುಂಟು. ಈ ಮಾತು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ. ಲೇಸರಿಗಿಂತ ಮೂರು ದಶಕಗಳ ಹಿಂದೆಯೇ ನ್ಯಾನೊಸೆಕೆಂಡಿನ ಅಳತೆ ಸಾಧ್ಯವಾಗಿತ್ತು. ಅಷ್ಟೇ ಅಲ್ಲ, ಲೇಸರ್ ಬಂದ ಹೊಸತರಲ್ಲಿ ಕೆಲವು ಅಳತೆಗಳು ಹಿಂದಿದ್ದುದಕ್ಕಿಂತ ಕೆಟ್ಟವು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ಎಡ್ಮಂಡ್ ಬೆಕರೆಲ್ ಅವರು ರಂಧ್ರಗಳುಳ್ಳ ಎರಡು ತಟ್ಟೆಗಳನ್ನು ಒಂದೇ ಅಚ್ಚಿನ ಮೇಲೆ ತಿರುಗಿಸಿ, ನಡುವೆ ವಸ್ತುವನ್ನಿರಿಸಿ, ಬೆಳಕು ಬಿದ್ದು ನಿಂತ ಮೇಲೆ ಉಳಿಯುವ ಹೊಳಪನ್ನು ನೋಡಿದರು. ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದವರೆಗೆ ಈ ಯಂತ್ರದ ಎಟುಕು. ಬಣ್ಣದ ದ್ರಾವಣಗಳ ಹೊಳಪು ಅದಕ್ಕೆ ಸಿಕ್ಕಲಿಲ್ಲ.

ಸಿಕ್ಕಿದ್ದು 1926ರಲ್ಲಿ. ಬರ್ಲಿನ್ನಿನಲ್ಲಿ ಕೆಲಸಮಾಡುತ್ತಿದ್ದ ಅರ್ಜೆಂಟೀನದ ಎನ್ರಿಕೆ ಗವಿಯೋಲ ಅವರು ಕೆರ್ ಕೋಶದ ಮೂಲಕ ಬೆಳಕಿನ ತೀವ್ರತೆಯನ್ನು ಸೆಕೆಂಡಿಗೆ ಹಲವು ದಶಲಕ್ಷ ಬಾರಿ ಏರಿಳಿಸಿದರು. ಪ್ರತಿದೀಪ್ತಿಯೂ ಅಂತೆಯೇ ಏರಿಳಿಯುತ್ತದೆ, ಆದರೆ ತುಸು ಹಿಂದೆ ಬೀಳುತ್ತದೆ; ಎಷ್ಟು ಹಿಂದೆ ಎಂಬುದರಿಂದ ಜೀವಾವಧಿಯನ್ನು ಗಣಿಸಬಹುದು. ಫ್ಲೋರೆಸೀನಿನಂತಹ ಬಣ್ಣಗಳಿಗೆ ಬಂದ ಬೆಲೆ ಕೆಲವೇ ನ್ಯಾನೊಸೆಕೆಂಡು. ಅದೇ ವರ್ಷ ಫ್ರಾನ್ಸಿಸ್ ಪೆರಾನ್ ಅವರು ಗಡಿಯಾರವನ್ನೇ ಬಳಸದೆ, ದ್ರವದಲ್ಲಿ ಅಣು ಹೊರಳುವುದರಿಂದ ಧ್ರುವೀಕರಣ ಎಷ್ಟು ಕುಗ್ಗುತ್ತದೆಂಬುದನ್ನು ನೋಡಿ ಜೀವಾವಧಿಯನ್ನು ಪಡೆಯುವ ದಾರಿ ತೋರಿಸಿದರು. ಎರಡು ದಾರಿಗಳೂ ಒಂದೇ ಪ್ರಮಾಣದ ಬೆಲೆಗಳಿಗೆ ಮುಟ್ಟಿದವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

1957ರಲ್ಲಿ ಬ್ರೋಡಿ ಮತ್ತು ರಾಬಿನೋವಿಚ್ ಅವರು ಹೈಡ್ರೋಜನ್ ದೀಪದ ಮಿಂಚುಗಳಿಂದ ಪತ್ರಹರಿತ್ತಿನ ಜೀವಾವಧಿಯನ್ನು ಅಳೆದರು. ದ್ರಾವಣದಲ್ಲಿ ಅದು ಸುಮಾರು 5 ನ್ಯಾನೊಸೆಕೆಂಡು; ಜೀವಂತ ಪಾಚಿಯಲ್ಲಿ ಅದಕ್ಕಿಂತ ಬಹಳ ಕಡಮೆ, ಏಕೆಂದರೆ ಅಲ್ಲಿ ಶಕ್ತಿಯು ದ್ಯುತಿಸಂಶ್ಲೇಷಣೆಯ ಕೆಲಸಕ್ಕೆ ಹರಿದುಹೋಗುತ್ತದೆ. ಆದರೆ ದೀಪದ ಮಿಂಚೇ ಕೆಲವು ನ್ಯಾನೊಸೆಕೆಂಡು ಉಳಿಯುವುದು ತೊಡಕಾಗಿತ್ತು. ಕಾಣುವ ವಕ್ರರೇಖೆಯಲ್ಲಿ ಅಣುವಿನ ಪಾಲೆಷ್ಟು, ದೀಪದ ಪಾಲೆಷ್ಟು ಎಂದು ಬೇರ್ಪಡಿಸಲು ಗಣಿತವನ್ನೇ ನಂಬಬೇಕಾಗಿತ್ತು.

1960ರಲ್ಲಿ ಮೈಮನ್ ಅವರ ಮಾಣಿಕ್ಯದ ಲೇಸರ್ ಬೆಳಗಿತು. 1966ರ ವೇಳೆಗೆ ಡಿಮಾರಿಯ ಮತ್ತು ಸಂಗಡಿಗರು ನಿಯೋಡಿಮಿಯಮ್ ಗಾಜಿನ ಲೇಸರಿನಿಂದ ಪಿಕೊಸೆಕೆಂಡ್ ಸ್ಪಂದಗಳನ್ನು ಪಡೆದರು. 1969ರಲ್ಲಿ ಡುಗೇ ಮತ್ತು ಹ್ಯಾನ್ಸನ್ ಅವರು ಇಂತಹ ಸ್ಪಂದವನ್ನೇ ಬಾಗಿಲಾಗಿ ಬಳಸಿದರು: ಇಂಗಾಲದ ಡೈಸಲ್ಫೈಡಿನಲ್ಲಿ ಸ್ಪಂದ ಹಾಯುವ ಕ್ಷಣದಲ್ಲಿ ಮಾತ್ರ ಪ್ರತಿದೀಪ್ತಿಗೆ ದಾರಿ ತೆರೆಯುತ್ತದೆ. ಇದೂ ಕೆರ್ ಪರಿಣಾಮವೇ. ಗವಿಯೋಲ ಅವರ ವಿದ್ಯುತ್ತಿನ ಸ್ಥಾನದಲ್ಲಿ ಬೆಳಕು ನಿಂತಿತು, ಅಷ್ಟೆ.

ಇಲ್ಲಿಯೇ ಎಡವಟ್ಟಾದದ್ದು. 1970ರ ದಶಕದಲ್ಲಿ ಈ ಪ್ರಬಲ ಸ್ಪಂದಗಳಿಂದ ಪಾಚಿ ಮತ್ತು ಎಲೆಯ ಹರಿತ್ಕಣಗಳನ್ನು ಅಳೆದಾಗ ಜೀವಾವಧಿ ಹಿಂದಿನ ಬೆಲೆಗಳಿಗಿಂತ ಎಷ್ಟೋ ಕಿರಿದಾಗಿ ಬಂದಿತು. ಹಳೆಯ ದೀಪಗಳೇ ತಪ್ಪಿದ್ದವೇ? ಅಲ್ಲ. 1976ರಲ್ಲಿ ಕ್ಯಾಂಪಿಲೊ, ಶಪಿರೊ ಮೊದಲಾದವರು ಕ್ಲೋರೆಲ್ಲ ಪಾಚಿಯಲ್ಲಿ ಸ್ಪಂದದ ತೀವ್ರತೆಯನ್ನು ಬದಲಿಸಿ ನೋಡಲಾಗಿ, ತೀವ್ರತೆ ಹೆಚ್ಚಿದಂತೆ ಜೀವಾವಧಿ ಕುಗ್ಗುತ್ತಿತ್ತು. ಒಂದೇ ಬಾರಿಗೆ ಅನೇಕ ಅಣುಗಳು ಉದ್ರಿಕ್ತವಾದರೆ ಉದ್ರೇಕಗಳು ಪರಸ್ಪರ ಸಂಧಿಸಿ ಅಳಿಯುತ್ತವೆ. ಅಳೆಯುವ ಬೆಳಕೇ ಅಳೆಯಬೇಕಾದುದನ್ನು ಕೆಡಿಸಿತ್ತು.

ಪರಿಹಾರವು ಬೇರೊಂದು ಕ್ಷೇತ್ರದಲ್ಲಿ ಸಿದ್ಧವಾಗಿತ್ತು. 1961ರಲ್ಲಿ ಬೊಲಿಂಜರ್ ಮತ್ತು ಥಾಮಸ್ ಅವರು ಕಣಶೋಧಕ ಹರಳುಗಳ ಮಿನುಗನ್ನು ಅಳೆಯಲು ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಕ್ರಮವನ್ನು ತಂದಿದ್ದರು. ಅದರಲ್ಲಿ ಹಲವು ಸ್ಪಂದಗಳಿಗೆ ಒಂದು ಫೋಟಾನು ಸಿಕ್ಕರೆ ಸಾಕು. ಹೆಚ್ಚು ಬಂದರೆ ಮೊದಲು ಬಂದುದೇ ಲೆಕ್ಕಕ್ಕೆ ಸೇರಿ ತಡವಾದವು ಬಿಟ್ಟುಹೋಗುತ್ತವೆ. ಆದುದರಿಂದ ಬೆಳಕು ಕ್ಷೀಣವಾಗಿರಲೇಬೇಕು. ಸೆಕೆಂಡಿಗೆ ಲಕ್ಷಾಂತರ ಬಾರಿ ಮಿಡಿಯುವ ದುರ್ಬಲ ಲೇಸರ್ ಸ್ಪಂದಗಳು ಈ ಕ್ರಮಕ್ಕೆ ಒದಗಿದ ಮೇಲೆ ಕ್ಲೋರೆಲ್ಲದ ಲೆಕ್ಕ ನೆಲೆಗೊಂಡಿತು: ಪ್ರತಿಕ್ರಿಯಾ ಕೇಂದ್ರಗಳು ತೆರೆದಿರುವಾಗ ಸರಾಸರಿ ಸುಮಾರು ಅರ್ಧ ನ್ಯಾನೊಸೆಕೆಂಡು, ಮುಚ್ಚಿರುವಾಗ ಅದರ ಮೂರು ನಾಲ್ಕು ಪಟ್ಟು.