ಆರು ಗಂಟೆ

ನಮ್ಮ ಮನೆಯಲ್ಲಿ ‘ಆರು ಗಂಟೆ’ ಅಂದರೆ ಹೊತ್ತಲ್ಲ, ಹೆದರಿಕೆ.

ಅಪ್ಪ ಕೃಷ್ಣಾ ಸ್ಟೇಷನ್ನಿನಲ್ಲಿ ಮಾಸ್ತರರಾಗಿದ್ದರು. ಮಕ್ತಲದಿಂದ ರಾಯಚೂರಿನ ಕಡೆಗೆ ಹೋಗುವಾಗ ಹೊಳೆಗೆ ಹತ್ತಿರ ಸಿಗುವ ಊರು ಅದು. ಇವತ್ತು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದ್ದರೂ ಓಣಿಯ ಮಾತು ಕನ್ನಡ. 1871ರಲ್ಲಿ ಮುಂಬೈ ಕಡೆಯ ಹಳಿ ಮದ್ರಾಸಿನ ಹಳಿಯನ್ನು ರಾಯಚೂರಿನಲ್ಲಿ ಕೂಡಿಕೊಂಡಾಗಿನಿಂದ ಈ ದಾರಿಗೆ ಬಿಡುವೆಂಬುದಿಲ್ಲ.

ಮಾಸ್ತರರ ಕೋಣೆಯಲ್ಲಿ ಅಕ್ಕಪಕ್ಕದ ಸ್ಟೇಷನ್ನುಗಳಿಗೆ ತಂತಿ ಕಟ್ಟಿದ ಗಂಟೆಗಳಿದ್ದವು. ಒಂದು ಹೊಡೆತ ಬಿದ್ದರೆ ‘ಇತ್ತ ಲಕ್ಷ್ಯ ಕೊಡಿ, ಫೋನ್ ಎತ್ತಿ’. ಎರಡು ಬಿದ್ದರೆ ‘ಲೈನ್ ಕ್ಲಿಯರ್ ಇದೆಯೇ?’ ಮೂರಕ್ಕೆ ಗಾಡಿ ಹೊರಟಿತು, ನಾಲ್ಕಕ್ಕೆ ಗಾಡಿ ಮುಟ್ಟಿತು, ಐದಕ್ಕೆ ಈಗ ಹೇಳಿದ್ದು ರದ್ದು. ಆರು ಬಿದ್ದರೆ ಅಪಾಯ. ಆರರ ಮೇಲೆ ಸ್ವಲ್ಪ ತಡೆದು ಇನ್ನೊಂದು ಬಿದ್ದರೆ ಗಾಡಿ ನಿಲ್ಲಿಸಿ ನೋಡಬೇಕು. ಆರು ಮತ್ತು ಎರಡಾದರೆ ಗಾಡಿ ಹಿಂದಿನ ದೀಪವಿಲ್ಲದೆ ದಾಟಿದೆ, ಆರು ಮತ್ತು ಮೂರಾದರೆ ಗಾಡಿ ನಡುವೆ ತುಂಡಾಗಿದೆ. ಎಷ್ಟು ಹೊಡೆತ ಬಂತೋ ಅಷ್ಟೇ ತಿರುಗಿ ಹೊಡೆದು ‘ತಿಳಿಯಿತು’ ಎನ್ನುವುದು ಪದ್ಧತಿ. ಅಕ್ಷರ ಕಲಿಯುವ ಮೊದಲೇ ನಾನು ಈ ಲೆಕ್ಕ ಕಲಿತಿದ್ದೆ.

ಆರು ಬಿದ್ದದ್ದನ್ನು ಕಣ್ಣಾರೆ ಕಂಡದ್ದು ಒಂದೇ ಸಲ. ಮಳೆಗಾಲದ ರಾತ್ರಿ, ನಾನು ಬುತ್ತಿ ಒಯ್ದಿದ್ದೆ. ಅಪ್ಪ ರಿಜಿಸ್ಟರಿನಲ್ಲಿ ಹಿಂದಿನ ಗಾಡಿಯ ವೇಳೆ ಬರೆಯುತ್ತಿದ್ದರು. ಗಂಟೆ ಎಣಿಸುತ್ತಲೇ ಎದ್ದು ಕೊಟ್ಟಿದ್ದ ಸಿಗ್ನಲ್ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಆರು ಹೊಡೆತ ತಿರುಗಿ ಹೊಡೆದರು. ಆಮೇಲೆ ಫೋನು. ಹಳಿಯ ಮೇಲೆ ಮರ ಬಿದ್ದಿತ್ತು. ಎಲ್ಲ ಮುಗಿದ ಮೇಲೆ ರಿಜಿಸ್ಟರಿಗೆ ಮರಳಿ, ಅರ್ಧಕ್ಕೆ ನಿಂತ ಅಂಕಿಯ ಪಕ್ಕದಿಂದಲೇ ಬರವಣಿಗೆ ಮುಂದುವರಿಸಿದರು. “ಮೊದಲ ಕೈ, ಆಮ್ಯಾಲ ಬಾಯಿ, ಕಡೀಕ ಪೆನ್ನು” ಅಂದರು.

ನಾನೀಗ ಬೆಂಗಳೂರಿನಲ್ಲಿ ಕರ್ನಲ್ ಬರೆಯುವವನು. ಕರ್ನಲ್ ಅಂದರೆ ಕಂಪ್ಯೂಟರಿನ ಮಾಸ್ತರ. ಕೀಬೋರ್ಡು, ಡಿಸ್ಕು, ನೆಟ್‌ವರ್ಕ್ ಕಾರ್ಡು ಎಲ್ಲವೂ ಅವನಿಗೆ ಗಂಟೆ ಹೊಡೆಯುತ್ತವೆ. ಆ ಗಂಟೆಗೆ ನಮ್ಮವರು ಇಂಟರಪ್ಟ್ ಅನ್ನುತ್ತಾರೆ. ಬಿದ್ದೊಡನೆ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು, ಎಲ್ಲಿದ್ದೆ ಎಂಬುದನ್ನು ಕಾದಿಟ್ಟು, ಕರೆಗೆ ಓಡುತ್ತದೆ. ಹಾಗೆ ಕಾದಿಡಬೇಕಾದ ಅಂಕಿಗಳು ಇರುವ ಜಾಗಕ್ಕೂ ರಿಜಿಸ್ಟರ್ ಎಂದೇ ಹೆಸರು. ಅಪ್ಪನದೂ ರಿಜಿಸ್ಟರೇ, ನನ್ನದೂ ರಿಜಿಸ್ಟರೇ.

ಮೊದಮೊದಲ ಕಂಪ್ಯೂಟರುಗಳಿಗೆ ಗಂಟೆ ಇರಲಿಲ್ಲ. ಕಾರ್ಡು ಓದುವ ಯಂತ್ರದ ಮುಂದೆ ನಿಂತು “ಆಯ್ತಾ? ಆಯ್ತಾ?” ಎಂದು ಕೇಳುತ್ತಲೇ ಇರಬೇಕಿತ್ತು. 1954ರಲ್ಲಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ಕಟ್ಟಿದ, ಟ್ರೇಲರಿನೊಳಗೆ ಕೂತ ಡಿಸಿಯಾಕ್ ಎಂಬ ಯಂತ್ರದಲ್ಲಿ ಹೊರಗಿನ ಸಾಧನವೇ ಕರೆಯುವ ಏರ್ಪಾಡು ಬಂತು. ಹಾಲೆಂಡಿನ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರ ನಿದ್ದೆಯನ್ನು ಇದು ಕೆಡಿಸಿತು. ಎಕ್ಸ್1 ಯಂತ್ರಕ್ಕೆ ಇಂಟರಪ್ಟ್ ಹಾಕೋಣ ಎಂದು ಜೊತೆಗಾರರು ಹೇಳಿದಾಗ ಅವರು ಒಪ್ಪಲು ಬಹಳ ಹಿಂಜರಿದರು. ಗಂಟೆ ಯಾವ ಕ್ಷಣಕ್ಕೆ ಬೀಳುತ್ತದೋ ಗೊತ್ತಿಲ್ಲದ ಮೇಲೆ, ಇವತ್ತು ಕಂಡ ತಪ್ಪನ್ನು ನಾಳೆ ಮತ್ತೆ ತೋರಿಸುವುದು ಹೇಗೆ? ಕೊನೆಗೆ ಒಪ್ಪಿ, ಅದನ್ನು ಪಳಗಿಸುವ ಬಗೆಯನ್ನೇ 1959ರ ಡಾಕ್ಟರೇಟ್ ಪ್ರಬಂಧದಲ್ಲಿ ಬರೆದರು. ಅವರ ಹೆದರಿಕೆ ನಿಜವೇ ಆಗಿತ್ತು. ವಾರಕ್ಕೊಮ್ಮೆ ಕಂಡು ಮಾಯವಾಗುವ ಅಂಥ ತಪ್ಪುಗಳ ಬೆನ್ನು ಹತ್ತುವುದೇ ಇವತ್ತಿಗೂ ನನ್ನ ಸಂಬಳದ ಕೆಲಸ.

ಗಂಟೆ ಬಂದ ಮೇಲೆ ಯಾರ ಗಂಟೆ ದೊಡ್ಡದು ಎಂಬ ಪ್ರಶ್ನೆ ತಾನಾಗಿ ಬಂತು. 1978ರ ಇಂಟೆಲ್ 8086 ಚಿಪ್ಪಿಗೆ ಎರಡು ಬಾಗಿಲು. ಒಂದರಲ್ಲಿ ಬರುವ ಸಾಮಾನ್ಯ ಕರೆಗಳಿಗೆ ಕರ್ನಲ್ ಕದ ಹಾಕಿಕೊಳ್ಳಬಹುದು. ಇನ್ನೊಂದಕ್ಕೆ ಒಳಗಿನಿಂದ ಅಗುಳಿಯಿಲ್ಲ. 1981ರ ಐಬಿಎಂ ಪಿಸಿಯಲ್ಲಿ ಇಂಥದೇ ಎರಡನೆಯ ಬಾಗಿಲನ್ನು ಮೆಮೊರಿಯೇ ಕೆಟ್ಟಿತು ಎಂದು ಹೇಳಲು ಇಟ್ಟುಕೊಂಡರು. ಅದು ಯಂತ್ರದ ಆರು ಗಂಟೆ.

ಕಾಯಬಹುದಾದ ಕರೆಗೂ ಕಾಯಲಾಗದ ಕರೆಗೂ ಇರುವ ಈ ಭೇದ ರೈಲಿನವರದೂ ಅಲ್ಲ, ಕಂಪ್ಯೂಟರಿನವರದೂ ಅಲ್ಲ. ಗದ್ವಾಲದಲ್ಲಿ ಸೋದರಮಾವನ ಮಗ್ಗವಿತ್ತು. ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಒಡಲಿಗೊಂದು, ಎರಡೂ ಅಂಚಿಗೆ ಒಂದೊಂದು ಎಂದು ಮೂರು ಲಾಳಿ. ಲಾಳಿಯೊಳಗೆ ನೂಲು ತೀರುತ್ತ ಬಂದರೆ ಮಾವ ಇನ್ನೆರಡು ಹೊಡೆತ ನೇಯ್ದೇ ಕೈ ತೆಗೆಯುತ್ತಿದ್ದ. ಹಾಸಿನ ಎಳೆ ಕಡಿದರೆ ಮಾತ್ರ ಹಾಡು, ಲಾಳಿ, ಕಾಲು ಎಲ್ಲ ಅಲ್ಲಿಗೇ ನಿಲ್ಲುತ್ತಿದ್ದವು. ಬಿಟ್ಟರೆ ಆ ಗೆರೆ ಸೀರೆಯುದ್ದಕ್ಕೂ ಓಡುತ್ತದೆ.

ನಮ್ಮ ಕಸುಬಿಗೆ ತಡವಾಗಿ ತಿಳಿದ ಪಾಠ ಇನ್ನೊಂದು: ತುರ್ತು ಕೆಲಸ ಕೆಡುಕು ಮಾಡುವುದು ಬಂದಿದ್ದರಿಂದಲ್ಲ, ಬಂದು ಕೂತಿದ್ದರಿಂದ. ಕರೆಗೆ ಓಡಿದವನು ಅಲ್ಲೇ ಎಲ್ಲ ಮುಗಿಸುತ್ತ ನಿಂತರೆ ಮುಂದಿನ ಗಂಟೆ ಕೇಳುವವರಿಲ್ಲ. ಹಾಗಾಗಿ 1991ರಲ್ಲಿ ಹುಟ್ಟಿದ ಲಿನಕ್ಸ್ ಎಂಬ ಕರ್ನಲ್ ಈ ಕೆಲಸವನ್ನು ಸೀಳಿತು. ಮೇಲರ್ಧ ಓಗೊಟ್ಟು, ಕೈಗೆ ಸಿಕ್ಕಿದ್ದನ್ನು ಎತ್ತಿಟ್ಟು ಬರುತ್ತದೆ. ಕೆಳಗಿನರ್ಧ, ಅದೇ ‘ಬಾಟಮ್ ಹಾಫ್’, ಪುರುಸೊತ್ತಿನಲ್ಲಿ ಮುಗಿಸುತ್ತದೆ. ಮೊದಲ ಕೈ, ಕಡೀಕ ಪೆನ್ನು.

ಆಮೇಲೆ ಇನ್ನೂ ಒಂದು ಹೆಜ್ಜೆ. ಇಪ್ಪತ್ತು ವರ್ಷ ಮುಖ್ಯ ಲಿನಕ್ಸಿನ ಹೊರಗೆ ಬೆಳೆದ ‘ರಿಯಲ್ ಟೈಮ್’ ತಿದ್ದುಪಡಿ 2024ರ ನವೆಂಬರಿನಲ್ಲಿ ಬಂದ 6.12ನೇ ಆವೃತ್ತಿಯಲ್ಲಿ ಒಳಗೆ ಸೇರಿತು. ಆ ಬಗೆಯಲ್ಲಿ ಕಟ್ಟಿದ ಕರ್ನಲ್ಲಿನಲ್ಲಿ ಗಂಟೆಯ ಹಿಂದಿನ ಕೆಲಸವೂ ಬಹುಮಟ್ಟಿಗೆ ಉಳಿದವರಂತೆ ಸಾಲಿನಲ್ಲೇ ನಿಲ್ಲಬೇಕು. ಯಂತ್ರದ ತೋಳು ಅಲುಗಿಸುವ ಕೆಲಸಕ್ಕೆ ಮೇಲಿನ ಸ್ಥಾನ ಕೊಟ್ಟಿದ್ದರೆ, ನೆಟ್‌ವರ್ಕ್ ಕಾರ್ಡು ಎಷ್ಟು ಬಡಿದುಕೊಂಡರೂ ಕಾಯುತ್ತದೆ. ಓಗೊಡುವುದು ಬೇರೆ, ಮಾಡಿಕೊಡುವುದು ಬೇರೆ. ಒಂದು ಹೊಡೆತಕ್ಕೆ ಒಂದು ಹೊಡೆತ ತಿರುಗಿ ಕೊಟ್ಟು, ಬರೆಯುತ್ತಿದ್ದ ಸಾಲು ಮುಗಿಸಿಯೇ ಫೋನ್ ಎತ್ತುತ್ತಿದ್ದ ಅಪ್ಪನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಪ್ಪ ನಿವೃತ್ತರಾಗಿ ಮಕ್ತಲದಲ್ಲಿದ್ದಾರೆ. ಹೋದ ಸಲ ರಾತ್ರಿ ಊಟಕ್ಕೆ ಕೂತಾಗ ಆಫೀಸಿನಿಂದ ನನ್ನ ಮೊಬೈಲ್ ಬಡಿದುಕೊಂಡಿತು. ರೊಟ್ಟಿ ಮುರಿದ ಕೈಯಲ್ಲೇ ಎದ್ದೆ. ಅವರು ತಲೆ ಎತ್ತಲಿಲ್ಲ.

“ಆರೋ, ಒಂದೋ?”

ಪರದೆ ನೋಡಿದೆ. “ಒಂದಪ್ಪಾ.”

“ಹಂಗಾರ ಹೂಂ ಅನ್ನು, ರೊಟ್ಟಿ ಮುಗಸು.”